ನಿಂಬೆಹಳದಿ ಚೀಲ ಮತ್ತು ನಾನು

ನಾನು ಒಂದು ಸೂಟ್‌ಕೇಸು. ಗದಗಿನಲ್ಲಿ ನನ್ನನ್ನು ಎಲ್ಲರೂ ಪೆಟಿಗಿ ಎಂದೇ ಕರೆದರು, ನನಗೂ ಅದೇ ರೂಢಿಯಾಯಿತು. ಹುಟ್ಟಿದ್ದು ಮಹಾರಾಷ್ಟ್ರದ ಒಂದು ಕಾರ್ಖಾನೆಯಲ್ಲಿ. ಕಡುಗೆಂಪು ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಅಚ್ಚಿಗೆ ಎಳೆದರು, ಆರಿದ ಮೇಲೆ ಅಂಚು ಕತ್ತರಿಸಿದರು, ಒಳಗೆ ಬಟ್ಟೆ ಅಂಟಿಸಿ ಎರಡು ಚಿಲಕ, ಎರಡು ಗಾಲಿ ಕೂಡಿಸಿದರು. ಪಕ್ಕದಲ್ಲೇ ಇನ್ನೊಂದು ಸಾಲು ಸಾಗುತ್ತಿತ್ತು. ಆ ಸಾಲಿನವರಿಗೆ ಅಂಕಿ ತಿರುಗಿಸುವ ಬೀಗ, ನನಗೆ ಬರೀ ಕೀಲಿಕೈ. ಕಣ್ಣು ಬಿಟ್ಟ ದಿನವೇ ನನ್ನ ಹೊಟ್ಟೆ ಉರಿಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ನನ್ನದು ಇದೇ ಗುಣ. ಮುಂದಿನದನ್ನು ಕೇಳುವವರಿಗೆ ಇದು ಗೊತ್ತಿದ್ದರೆ ಒಳ್ಳೆಯದು.

ಹುಬ್ಬಳ್ಳಿಯ ಅಂಗಡಿಯಲ್ಲಿ ನನ್ನನ್ನು ಕೊಂಡವನು ರೋಣದ ಹಿಟ್ಟಿನ ಗಿರಣಿಯ ಯಜಮಾನ. ಮಗಳು ನೀಲವ್ವನ ಮದುವೆಗೆ ಸಾಮಾನು ಕೊಳ್ಳಲು ಬಂದಿದ್ದ. ಅಂಗಡಿಯವನು ಬಣ್ಣ ಹೊಗಳಿದ, ಗಾಲಿ ಹೊಗಳಿದ. ಗಿರಣಿಯವನು ಯಾವುದನ್ನೂ ಕೇಳಿಸಿಕೊಳ್ಳದೆ ನನ್ನನ್ನು ನೆಲಕ್ಕೆ ಮಲಗಿಸಿ ಮೇಲೆ ಕುಳಿತು ನೋಡಿದ. ನಾನು ಬಗ್ಗಲಿಲ್ಲ. ಅಷ್ಟಕ್ಕೇ ವ್ಯಾಪಾರ ಮುಗಿಯಿತು.

ಮದುವೆಯ ಚಪ್ಪರದಲ್ಲಿ ತವರಿನವರು ಕೊಟ್ಟ ಸಾಮಾನನ್ನೆಲ್ಲ ಸಾಲಾಗಿ ಇಟ್ಟಿದ್ದರು. ನನ್ನ ಪಕ್ಕದಲ್ಲಿ ಕನ್ನಡಿ ಕೂಡಿಸಿದ ಕಬ್ಬಿಣದ ಕಪಾಟು ನಿಂತಿತ್ತು. ಬಂದವರೆಲ್ಲ ಅದರ ಮುಂದೆ ನಿಂತು ತಲೆ ಬಾಚಿಕೊಂಡರು. ನನ್ನತ್ತ ಒಬ್ಬರೂ ತಿರುಗಲಿಲ್ಲ. ಆದರೆ ಹೆಣ್ಣು ಹೊರಟಾಗ ಕಪಾಟು ಟ್ರ್ಯಾಕ್ಟರಿನಲ್ಲಿ ಹಂಡೆ ಕೊಡಗಳ ಜೊತೆ ಹೋಯಿತು, ನಾನು ಕಾರಿನಲ್ಲಿ ಮದುಮಗಳ ಕಾಲ ಬಳಿ ಹೋದೆ. ನೀಲವ್ವ ಗದಗ ಬರುವ ತನಕ ಅತ್ತಳು. ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ನನ್ನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದಳು. ಈಕೆ ನನ್ನವಳು ಎಂದು ನಾನು ಅಂದೇ ತೀರ್ಮಾನಿಸಿದೆ. ಆಕೆ ಹಾಗೆ ತೀರ್ಮಾನಿಸಿದ್ದಳೋ ಇಲ್ಲವೋ ನಾನು ಕೇಳಲಿಲ್ಲ, ಕೇಳುವ ಬಾಯಿಯೂ ನನಗಿಲ್ಲ.

ನೀಲವ್ವನ ಗಂಡ ರಾಚಪ್ಪನಿಗೆ ಗದಗಿನಲ್ಲಿ ಬಣ್ಣದ ಅಂಗಡಿ. ಅವನ ತಮ್ಮ ಮಹಾಂತೇಶ ಆಗ ಓದುತ್ತಿದ್ದ. ಅವನು ನನ್ನನ್ನು ಧಾರವಾಡದ ಹಾಸ್ಟೆಲ್ಲಿಗೆ ಒಯ್ದ, ಮಂಚದ ಕೆಳಗೆ ತಳ್ಳಿದ, ಒಗೆಯದ ಅರಿವೆ ತುರುಕಿದ. ಮೂರು ವರ್ಷ ಆ ನಾತದಲ್ಲಿ ಬಿದ್ದಿದ್ದೆ. ನೀಲವ್ವ ತವರಿಗೆ ಹೋಗುವಾಗ ಯಾವ ಚೀಲ ಒಯ್ಯುತ್ತಿರಬಹುದು ಎಂಬ ಚಿಂತೆಯೊಂದೇ ನನಗೆ. ಓದು ಮುಗಿದು ಮನೆಗೆ ಬಂದಾಗ ಆಕೆ ನನ್ನನ್ನು ಅಂಗಳದಲ್ಲಿಟ್ಟು ಸೀಗೆಪುಡಿ ಹಾಕಿ ತಿಕ್ಕಿದಳು. ಆ ಮೇಲೆ ಮದುವೆ, ಸೀಮಂತ, ಗೃಹಪ್ರವೇಶ ಎಂದು ಆಕೆ ಹೋದಲ್ಲೆಲ್ಲ ನಾನೂ ಹೋದೆ. ಉಳಿದ ದಿನ ಆ ಕನ್ನಡಿ ಕಪಾಟಿನ ತಲೆಯ ಮೇಲೆ ನನ್ನ ವಾಸ. ಕಪಾಟು ಅದನ್ನು ಸಹಿಸುತ್ತಿರಲಿಲ್ಲ, ನನಗೆ ಅದೇ ಖುಷಿ.

ಹೀಗಿರುವಾಗ ಬಣ್ಣದ ಕಂಪನಿಯವರು ಹೆಚ್ಚು ಮಾಲು ಮಾರಿದ ಅಂಗಡಿಯವರಿಗೆ ಹಡಗಿನ ಪ್ರವಾಸ ಕೊಟ್ಟರು. ಮುಂಬೈಯಲ್ಲಿ ಹತ್ತಿ ಕೊಚ್ಚಿಯಲ್ಲಿ ಇಳಿಯುವುದು. ಅಣ್ಣತಮ್ಮ ಸೇರಿ ಅಂಗಡಿ ನಡೆಸುತ್ತಿದ್ದುದರಿಂದ ಎರಡು ಜೋಡಿಗೂ ಅವಕಾಶ ಸಿಕ್ಕಿತು. ಕೊಚ್ಚಿಯಿಂದ ಮನೆಗೆ ಬರುವ ಖರ್ಚು ಮಾತ್ರ ಅವರವರದು. ಮಹಾಂತೇಶ ಫೋನಿನಲ್ಲಿ ಹುಡುಕಿ ವಿಮಾನದ ಟಿಕೆಟ್ ತೆಗೆದ.

“ಅಣ್ಣಾ, ಭಾರೀ ಸೋವಿ ಸಿಕ್ಕಾವು. ರೈಲಿನ ಏಸಿ ಡಬ್ಬಿ ರೇಟಿಗೆ ವಿಮಾನ,” ಎಂದ. ಅತ್ತಿಗೆಯ ಕಡೆ ತಿರುಗಿ, “ವೈನಿ, ಸಣ್ಣ ಚೀಲ ತುಗೋರಿ ಮತ್ತ. ಸೋವಿ ಟಿಕೀಟಿನಾಗ ದೊಡ್ಡ ಪೆಟಿಗಿ ನಡ್ಯಂಗಿಲ್ಲ,” ಎಂದ.

“ಹಡಗಿನ್ಯಾಗ ಏನ ಉಣ್ಣಾಕ ಹಾಕ್ತಾರೋ ಯಾರಿಗೆ ಗೊತ್ತು? ರೊಟ್ಟಿ, ಹಿಂಡಿ ಎಲ್ಲಾ ಸಣ್ಣ ಚೀಲದಾಗ ಹಿಡೀತಾವೇನಪಾ?” ಎಂದು ನೀಲವ್ವ ನನ್ನನ್ನೇ ಕೆಳಗಿಳಿಸಿದಳು.

ಕಟಕ ಸಜ್ಜೆರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು, ಅವುಗಳ ಮೇಲೆ ಸೀರೆಗಳು. ನಾನು ಉಬ್ಬಿಹೋದೆ. ಆ ಉಬ್ಬು ರೈಲು ನಿಲ್ದಾಣದ ತನಕ ಉಳಿಯಿತು. ಅಲ್ಲಿಗೆ ಮಹಾಂತೇಶನ ಹೆಂಡತಿ ಶ್ರೀದೇವಿ ಬಂದಳು, ಅವಳ ಹಿಂದೆ ನಿಂಬೆಹಳದಿ ಬಣ್ಣದ ಒಂದು ಪುಟ್ಟ ಚೀಲ ಬಂತು. ಅದಕ್ಕೆ ನಾಲ್ಕು ಗಾಲಿ. ಒಂದೇ ಬೆರಳಿನಲ್ಲಿ ತಳ್ಳಿದರೆ ನಿಂತಲ್ಲೇ ಗಿರ್ರನೆ ತಿರುಗುತ್ತಿತ್ತು. ನಾನು ಎರಡು ಗಾಲಿಯ ಮೇಲೆ ಗಡಗಡ ಎನ್ನುತ್ತ ಹಿಂದೆ ಬಿದ್ದೆ. ನೀಲವ್ವ ಮೊದಲು ಆ ಚೀಲವನ್ನು ನೋಡಿದಳು, ಆಮೇಲೆ ಶ್ರೀದೇವಿಯ ಕತ್ತರಿಸಿದ ಕೂದಲನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಆ ನೋಟದ ಗುರುತು ನನಗೆ ಸಿಗದಿರುತ್ತದೆಯೇ? ಆಕೆಗೂ ಉರಿಯುತ್ತಿತ್ತು. ನೆಗೇಣಿ ಶ್ರೀದೇವಿಯ ಮೇಲೆ ಆಕೆಗೆ, ನಿಂಬೆಯ ಮೇಲೆ ನನಗೆ. ಒಂದು ರೀತಿಯಲ್ಲಿ ಸಮಾಧಾನವೂ ಆಯಿತು.

ಮುಂಬೈಯಲ್ಲಿ ರಾಚಪ್ಪನ ತಂಗಿ ಕಸ್ತೂರಿಯ ಮನೆಯಲ್ಲಿ ಒಂದು ದಿನ ಉಳಿದರು. ಹೊರಡುವಾಗ ಕಸ್ತೂರಿ ಇಬ್ಬರೂ ಅತ್ತಿಗೆಯರಿಗೆ ಉಡಿ ತುಂಬಿದಳು. ಸೆರಗಿನಲ್ಲಿ ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಅಡಿಕೆ, ಕುಪ್ಪಸ ಹೊಲಿಸಲು ಒಂದು ಬಟ್ಟೆಯ ಕಣ. ಶ್ರೀದೇವಿ ನಾಲ್ಕು ಕಾಳು ಕಟ್ಟಿಕೊಂಡು ಉಳಿದದ್ದನ್ನು ಅಲ್ಲೇ ಬಿಟ್ಟಳು. ನೀಲವ್ವ ಪೂರ್ತಿ ಗಂಟು ಕಟ್ಟಿ ನನ್ನೊಳಗೆ ಇಟ್ಟಳು. ಉಡಿಯನ್ನು ದಾರಿಯಲ್ಲಿ ಚೆಲ್ಲಬಾರದು, ಅರ್ಧ ಬಿಟ್ಟು ಅರ್ಧ ಒಯ್ಯಬಾರದು, ಮನೆಗೆ ಒಯ್ದು ದೇವರ ಮುಂದೆ ಇಳಿಸಬೇಕು. ಅದು ಆಕೆ ತವರಿನಿಂದ ತಂದ ನಡವಳಿಕೆ. ಆ ಗಂಟಿಗೆ ಜಾಗ ಕೊಟ್ಟವಳು ನಾನು, ನಿಂಬೆಯಲ್ಲ. ಹಡಗು ಹತ್ತುವಾಗ ನನಗೆ ಅಷ್ಟು ಸಾಕಾಗಿತ್ತು.

ಹಡಗಿನ ಬಗ್ಗೆ ನನ್ನನ್ನು ಕೇಳಬೇಡಿ. ನನ್ನನ್ನು ಮಂಚದ ಕೆಳಗೆ ತಳ್ಳಿದರು, ಅಲ್ಲಿಂದ ನಾನು ಕಂಡದ್ದು ರಾಚಪ್ಪನ ಹಿಮ್ಮಡಿಗಳನ್ನು ಮಾತ್ರ. ಪಕ್ಕದ ಕೋಣೆಯಲ್ಲಿ ನಿಂಬೆಯನ್ನು ಕಿಟಕಿಯ ಹತ್ತಿರ ಮೇಜಿನ ಮೇಲೆ ಇಟ್ಟಿದ್ದರಂತೆ. ಅವಳು ದಿನಾ ಸಮುದ್ರ ನೋಡಿದಳು. ಸಮುದ್ರ ನೋಡಲು ಚೀಲಕ್ಕೆ ಕಣ್ಣೆಲ್ಲಿ ಎಂದು ನೀವು ಕೇಳಬಹುದು. ಹೊಟ್ಟೆ ಉರಿಯುವವರಿಗೆ ಅಂಥ ಲೆಕ್ಕಾಚಾರ ಹೊಳೆಯುವುದಿಲ್ಲ.

ಇಳಿಯುವ ಮುನ್ನಾದಿನ ಹಡಗಿನವರು ಒಂದು ಪದ್ಧತಿ ಹೇಳಿದರು. ದೊಡ್ಡ ಪೆಟ್ಟಿಗೆಗಳಿಗೆ ಬಣ್ಣದ ಚೀಟಿ ಕಟ್ಟಿ ಊಟದ ಹೊತ್ತಿಗೆ ಬಾಗಿಲ ಹೊರಗೆ ಇಡಬೇಕು, ಅವರೇ ಬಂದರಿಗೆ ಇಳಿಸಿ ಸಾಲಾಗಿ ಜೋಡಿಸುತ್ತಾರೆ. ಸಣ್ಣ ಚೀಲದವರು ತಾವೇ ಕೈಯಲ್ಲಿ ಹಿಡಿದು ಇಳಿಯಬಹುದು. ನೀಲವ್ವ ಎಲ್ಲವನ್ನೂ ಅಚ್ಚುಕಟ್ಟಾಗಿ ನನ್ನೊಳಗೆ ಜೋಡಿಸಿ ಹೊರಗಿಟ್ಟಳು. ಎಲ್ಲವನ್ನೂ ಎಂದರೆ ಎಲ್ಲವನ್ನೂ. ಬೆಳಿಗ್ಗೆ ರಾಚಪ್ಪನಿಗೆ ತೊಡಲು ಪ್ಯಾಂಟೇ ಇರಲಿಲ್ಲ. ಗದಗಿನ ದೊಡ್ಡ ಬಣ್ಣದ ವ್ಯಾಪಾರಿ ಲುಂಗಿಯ ಮೇಲೆ ಕಂಪನಿಯ ಟೀ ಶರ್ಟು ಹಾಕಿಕೊಂಡು ಹಡಗಿನಿಂದ ಇಳಿದ. ಶ್ರೀದೇವಿ ನಗು ತಡೆಯಲು ಮುಖ ತಿರುಗಿಸಿದ್ದನ್ನು ನೀಲವ್ವ ನೋಡಿಬಿಟ್ಟಳು.

ಬಂದರಿನಲ್ಲಿ ಅವರು ನನ್ನನ್ನು ಹುಡುಕಿ ತೆಗೆದಾಗ ನನ್ನದೊಂದು ಗಾಲಿ ಮುರಿದಿತ್ತು. ಸಾವಿರಾರು ಪೆಟ್ಟಿಗೆ ಎತ್ತಿ ಒಗೆಯುವವರಿಗೆ ನಾನು ಯಾವ ಲೆಕ್ಕ? ನಿಂಬೆ ಮಾತ್ರ ಶ್ರೀದೇವಿಯ ಕೈ ಹಿಡಿದು, ಮಗ್ಗುಲಲ್ಲೇ ನಡೆದು ಬಂದಳು. ಮೈಮೇಲೆ ಒಂದು ಗೀರೂ ಇರಲಿಲ್ಲ.

ಬೈಜು ಎಂಬ ಟ್ಯಾಕ್ಸಿಯವನು ನಮ್ಮನ್ನು ವಿಮಾನ ನಿಲ್ದಾಣಕ್ಕೆ ತಂದು ಬಿಟ್ಟ. ಬಾಗಿಲ ಹೊರಗೇ ವಿಮಾನ ಕಂಪನಿಯ ಒಂದು ಕಿಟಕಿಯಿತ್ತು. ಮಹಾಂತೇಶ ಅಲ್ಲಿ ವಿಚಾರಿಸಿ ಬಂದವನು ಮುಖ ಸಣ್ಣದು ಮಾಡಿಕೊಂಡಿದ್ದ.

“ಅಣ್ಣಾ, ನಮ್ಮ ಟಿಕೀಟಿಗೆ ಕೈಚೀಲ ಅಷ್ಟ. ಈ ಪೆಟಿಗಿ ಹಾಕಬೇಕಂದ್ರ ಬ್ಯಾರೆ ರೊಕ್ಕಾ. ಟಿಕೀಟಿಗಿಂತ ಜಾಸ್ತಿ ಆಗ್ತೈತಿ.”

“ಟಿಕೀಟಿಗಿಂತ ಜಾಸ್ತಿ?” ರಾಚಪ್ಪ ಲುಂಗಿ ಎತ್ತಿ ಕಟ್ಟಿದ. “ಮೂರು ಕಾಸಿನ ಕುದುರಿಗೆ ಆರು ಕಾಸಿನ ಹುಲ್ಲು ಅಂದಂಗಾತು. ನಾ ಕೊಡಾಂವಲ್ಲ.”

“ನಾ ಮೊದಲ ಹೇಳಿದ್ನಲ್ಲಣ್ಣಾ. ಹಳೇ ಪೆಟಿಗಿ, ಗಾಲೀನೂ ಮುರದೈತಿ. ಅರಿವಿ ತಕ್ಕೊಂಡು ಇದನ್ನ ಇಲ್ಲೇ ಬಿಟ್ಟ ಹೋಗೂಣು.”

ನಾನು ನೀಲವ್ವನ ಬಾಯಿಯನ್ನೇ ನೋಡುತ್ತಿದ್ದೆ. ಈಗ ಮಾತಾಡುತ್ತಾಳೆ, ಪೆಟಿಗಿ ಬಿಟ್ಟು ನಾ ಬರಂಗಿಲ್ಲ ಎನ್ನುತ್ತಾಳೆ ಎಂದುಕೊಂಡೆ. ಆಕೆ ನನ್ನ ಮುರಿದ ಗಾಲಿಯನ್ನು ನೋಡಿದಳು, ನಿಂಬೆಯ ನಾಲ್ಕು ಗಾಲಿಗಳನ್ನು ನೋಡಿದಳು.

“ಬಿಡ್ರಿ, ಹಳೇದಾತು,” ಎಂದಳು.

ಅಷ್ಟೇ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅಲ್ಲೇ ಕಲ್ಲುಹಾಸಿನ ಮೇಲೆ ನನ್ನನ್ನು ಬಿಚ್ಚಿ ಮಲಗಿಸಿದರು. ರಾಚಪ್ಪ ಕಂಬದ ಮರೆಗೆ ಹೋಗಿ ಪ್ಯಾಂಟು ತೊಟ್ಟು ಬಂದ. ಭಾರ ಕಡಿಮೆ ಮಾಡಲು ಒಂದರ ಮೇಲೊಂದು ಮೂರು ಅಂಗಿ ಹಾಕಿಕೊಂಡ, ಮೇಲೆ ಕೋಟು. ಕೊಚ್ಚಿಯ ಸೆಕೆಗೆ ಅವನ ಮುಖದಲ್ಲಿ ನೀರಿಳಿಯುತ್ತಿತ್ತು. ನೀಲವ್ವನ ಬಗಲಚೀಲ ತುಂಬಿ ಬಾಯಿ ಮುಚ್ಚದಾಯಿತು. ಆಗ ಶ್ರೀದೇವಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ನಿಂಬೆಯನ್ನು ತೆರೆದಳು. ಹಡಗಿನಲ್ಲಿ ಕೊಂಡ ಎತ್ತರದ ಚಪ್ಪಲಿ ತೆಗೆದು ಹೊರಗಿಟ್ಟಳು, ತನ್ನದೊಂದು ದಪ್ಪ ಉಡುಪನ್ನೂ ತೆಗೆದಳು.

“ಅಕ್ಕಾ, ನಿಮ್ಮ ಸೀರಿ ಇದರಾಗ ಇಡ್ರಿ. ಈ ಚಪ್ಪಲಿ ನನಗ ಹ್ಯಾಂಗಿದ್ರೂ ಕಚ್ಚತಾವು.”

“ನಿನ್ನ ಹೊಸಾವ ಬಿಟ್ಟು ನನ್ನ ಹಳೇವ ಒಯ್ತೀಯೇನ?”

“ಇಳಕಲ್ ಸೀರಿ ಹಳೇವು ಆಗ್ತಾವೇನ್ರೀ ಅಕ್ಕಾ?”

ನೀಲವ್ವನ ಮುಖ ಮೆತ್ತಗಾಯಿತು. ಗದಗಿನ ನಿಲ್ದಾಣದಿಂದ ಬಿಗಿದುಕೊಂಡಿದ್ದ ಮುಖ ಒಂದು ಮಾತಿಗೆ ಸಡಿಲಾಯಿತು. ಆಕೆಯ ಉರಿ ಆರಿಹೋಯಿತು, ನಾನು ಒಬ್ಬಂಟಿಯಾದೆ. ಶ್ರೀದೇವಿ ಕೆಟ್ಟವಳಾಗಿದ್ದರೆ ಬೈದುಕೊಂಡು ಸುಮ್ಮನಿರಬಹುದಿತ್ತು. ಒಳ್ಳೆಯವಳಾದದ್ದೇ ಕಷ್ಟ.

ನನ್ನ ಸೀರೆಗಳು ಒಂದೊಂದಾಗಿ ನಿಂಬೆಯ ಹೊಟ್ಟೆ ಸೇರಿದವು. ಕೊನೆಗೆ ಉಡಿಯ ಗಂಟೂ ಹೋಯಿತು. ಅದಕ್ಕೂ ನಿಂಬೆ ಜಾಗ ಕೊಟ್ಟಳಲ್ಲ ಎಂದು ನನಗೆ ಜೀವವೇ ಬೇಡವಾಯಿತು.

ಕಿಟಕಿಯ ಹುಡುಗಿ ಇದನ್ನೆಲ್ಲ ನೋಡುತ್ತಿದ್ದವಳು ಎದ್ದು ಬಂದಳು. ಗಂಟು ತೋರಿಸಿ ಏನೆಂದು ಹಿಂದಿಯಲ್ಲಿ ಕೇಳಿದಳು. ನೀಲವ್ವ ಬಿಚ್ಚಿ ತೋರಿಸಿದಳು. ಹುಡುಗಿ ಕೊಬ್ಬರಿ ಬಟ್ಟಲನ್ನು ನೋಡಿ ತಲೆ ಆಡಿಸಿದಳು.

“ಒಣಕೊಬ್ಬರಿ ವಿಮಾನದಾಗ ಒಯ್ಯಾಕ ಬಿಡಂಗಿಲ್ಲಂತ ವೈನಿ. ಎಣ್ಣಿ ಇರತೈತಿ, ಬೆಂಕಿ ಹತ್ತತೈತಿ ಅಂತ,” ಎಂದು ಮಹಾಂತೇಶ ತಿಳಿಸಿ ಹೇಳಿದ. “ಅಕ್ಕಿ ನಡೀತೈತಂತ. ಕೊಬ್ಬರಿ ಅಷ್ಟ ಕಸದ ಡಬ್ಬಿಗೆ ಹಾಕಿ ಬರ್ತೀನಿ ಕೊಡ್ರಿ.”

“ಉಡಿ ಕಸಕ್ಕ ಹಾಕ್ತೀಯೇನೋ?” ನೀಲವ್ವನ ದನಿ ಏರಲಿಲ್ಲ, ಆದರೂ ಮಹಾಂತೇಶ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡ. “ಅರ್ಧಾ ಬಿಟ್ಟು ಅರ್ಧಾ ಒಯ್ಯಾಕ ಬರಂಗಿಲ್ಲ. ಒಯ್ದರ ಪೂರಾ, ಕೊಟ್ಟರ ಪೂರಾ.”

“ಇಲ್ಲಿ ಯಾರಿಗೆ ಕೊಡ್ತೀ?” ಎಂದ ರಾಚಪ್ಪ.

ನೀಲವ್ವ ನನ್ನ ಕಡೆ ತಿರುಗಿದಳು. ಆಮೇಲೆ ನನ್ನ ಮುಂದೆ ಕುಳಿತಳು. ಸೆರಗಿನಿಂದ ನನ್ನ ಒಳಗನ್ನು ಒರೆಸಿದಳು. ಕುಪ್ಪಸದ ಕಣ ತಳಕ್ಕೆ ಹಾಸಿದಳು. ಅದರ ಮೇಲೆ ಒಂದು ಹಿಡಿ ಅಕ್ಕಿ, ಇನ್ನೊಂದು ಹಿಡಿ, ಹೀಗೆ ಐದು ಹಿಡಿ ಹಾಕಿದಳು. ಕೊಬ್ಬರಿ ಬಟ್ಟಲು, ಅಡಿಕೆ, ಅರಿಶಿನ ಬೇರು ಇಟ್ಟಳು. ಮುಚ್ಚಳ ಹಾಕಿ, ಪರ್ಸಿನಿಂದ ಕುಂಕುಮ ತೆಗೆದು ನನ್ನ ಚಿಲಕಕ್ಕೆ ಹಚ್ಚಿದಳು.

“ತವರಿಂದ ನನ್ನ ಜೋಡಿ ಬಂದಾಕಿ,” ಎಂದಳು. “ಬರೀ ಉಡೀಲೆ ಹ್ಯಾಂಗ ಕಳಸ್ಲಿ?”

ಶ್ರೀದೇವಿ ಸೆರಗಿಲ್ಲದ ಉಡುಪಿನಲ್ಲಿದ್ದರೂ ತಲೆಯ ಮೇಲೆ ಕೈವಸ್ತ್ರ ಹಾಕಿಕೊಂಡು ಬಗ್ಗಿ ನನಗೆ ನಮಸ್ಕಾರ ಮಾಡಿದಳು. ಮೂರು ಅಂಗಿ, ಒಂದು ಕೋಟಿನೊಳಗಿಂದ ರಾಚಪ್ಪ ಬೆವರು ಒರೆಸಿಕೊಂಡ. ಬರೀ ಬೆವರೇ ಒರೆಸಿಕೊಂಡನೋ ಹೇಳಲಾರೆ.

“ತಗೀ, ರೊಕ್ಕಾ ಕೊಡ್ತೀನಿ,” ಎಂದ. “ಎಷ್ಟರೆ ಆಗಲಿ. ಪೆಟಿಗಿ ಒಯ್ಯೂಣು ನಡಿ.”

ನನ್ನ ಚಿಲಕಗಳು ತಾವಾಗಿಯೇ ಬಿಗಿದುಕೊಂಡವು ಎನಿಸಿತು. ಮನೆಗೆ ಹೋಗುತ್ತೇನೆ, ನಿಂಬೆಯ ಎದುರಿಗೇ, ಅವಳಿಗಿಂತ ಹೆಚ್ಚು ರೊಕ್ಕ ಕೊಡಿಸಿಕೊಂಡು ಹೋಗುತ್ತೇನೆ.

ನೀಲವ್ವ ತಲೆ ಅಲ್ಲಾಡಿಸಿದಳು. “ಮೊದಲ ಅಂದಿದ್ರ ಒಯ್ತಿದ್ವಿ. ಉಡಿ ತುಂಬಿ ಕಳಿಸಿದ ಮ್ಯಾಲ ಹೊಂಟಾಕೀನ ಹಿಂದಕ್ಕ ಕರೀಬಾರ್ದು.”

ಬೈಜು ಇನ್ನೂ ಅಲ್ಲೇ ಕಾರು ಒರೆಸುತ್ತ ನಿಂತಿದ್ದ. ಅವನನ್ನು ಕರೆದು, ನಿನ್ನ ಮನೆಯಲ್ಲಿ ಇಟ್ಟುಕೋ ಎಂದು ನನ್ನನ್ನು ಒಪ್ಪಿಸಿದರು. ಶ್ರೀದೇವಿಯ ಚಪ್ಪಲಿ, ಉಡುಪು ಕೂಡ ಅವನ ಪಾಲಾದವು. ನೀಲವ್ವ ನನ್ನ ಹಿಡಿಕೆ ಹಿಡಿದು ಕಾರಿನ ತನಕ ತಾನೇ ಎಳೆದು ತಂದಳು, ಮುರಿದ ಗಾಲಿಯ ಕಡೆ ಎತ್ತಿ ಹಿಡಿದು. ಡಿಕ್ಕಿಯಲ್ಲಿ ಇಟ್ಟ ಮೇಲೂ ಒಂದು ಗಳಿಗೆ ಕೈ ಬಿಡಲಿಲ್ಲ. ಆಮೇಲೆ ಅವರು ನಾಲ್ವರೂ ಗಾಜಿನ ಬಾಗಿಲ ಕಡೆ ನಡೆದರು. ನಿಂಬೆಯನ್ನು ಈಗ ನೀಲವ್ವನೇ ತಳ್ಳುತ್ತಿದ್ದಳು, ಒಂದು ಬೆರಳಿನಲ್ಲಿ.

ಈಗ ನಾನು ಬೈಜುವಿನ ಮನೆಯಲ್ಲಿ, ಹಿಂದಿನ ಕೋಣೆಯ ಮೂಲೆಯಲ್ಲಿದ್ದೇನೆ. ಅವನ ತಾಯಿ ಒಳ್ಳೆಯ ಹೆಂಗಸು. ಉಡಿಯೆಂದರೆ ಏನೆಂದು ಆಕೆಗೆ ಗೊತ್ತಿರಲಿಲ್ಲ. ಅಕ್ಕಿ ಗಂಜಿಯಾಯಿತು, ಕೊಬ್ಬರಿ ಮೀನಿನ ಸಾರಿಗೆ ಬಿತ್ತು. ರೋಣದ ಗಿರಣಿಯವನ ಪೆಟಿಗಿಯ ಉಡಿ ಮೀನಿನ ಸಾರಿಗೆ! ನೀಲವ್ವ ಕೇಳಿದರೆ ಎದೆಯ ಮೇಲೆ ಕೈ ಇಟ್ಟುಕೊಂಡಾಳು. ನನಗೇನೂ ಬೇಜಾರಿಲ್ಲ, ತಿಂದವರು ಹಸಿದವರೇ. ಈಗ ನನ್ನೊಳಗೆ ಹಳೆಯ ಕೊಡೆಗಳು, ಕ್ರಿಸ್ಮಸ್ಸಿನ ಕಾಗದದ ನಕ್ಷತ್ರ, ಮಳೆಗಾಲದ ಕಂಬಳಿ ಇವೆ. ಚಿಲಕಕ್ಕೆ ತುಕ್ಕು ಹಿಡಿದಿದೆ.

ಮನೆ ವಿಮಾನ ನಿಲ್ದಾಣಕ್ಕೆ ಹತ್ತಿರ. ದಿನವಿಡೀ ತಲೆಯ ಮೇಲೆ ವಿಮಾನಗಳು ಹಾರುತ್ತವೆ. ಪ್ರತಿಯೊಂದರಲ್ಲೂ ನಿಂಬೆ ಕುಳಿತಿದ್ದಾಳೆ ಎಂದೇ ನನಗನಿಸುತ್ತದೆ. ನೀಲವ್ವ ತವರಿಗೆ ಹೋಗುವಾಗ ಈಗ ಅವಳನ್ನೇ ಎರವಲು ಕೇಳಿ ಒಯ್ಯುತ್ತಿರಬೇಕು, ಊರಿಗೆ ಬಂದ ಮೇಲೆ ಒರೆಸಿ ಕಪಾಟಿನ ಮೇಲೆ ಇಡುತ್ತಿರಬೇಕು. ಉರಿಯುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಲೋಕದಲ್ಲಿ ಎಷ್ಟು ಪೆಟ್ಟಿಗೆಗಳಿಗೆ ಒಡತಿ ಉಡಿ ತುಂಬಿ, ಕುಂಕುಮ ಹಚ್ಚಿ ಕಳಿಸಿದ್ದಾಳೆ ಹೇಳಿ. ನಿಂಬೆಗೆ ಆ ಭಾಗ್ಯ ಈ ಜನ್ಮದಲ್ಲಿ ಸಿಗಲಾರದು. ಅವಳಿಗೆ ಸಿಕ್ಕಿದ್ದು ಬರೀ ಮನೆ, ನನಗೆ ಸಿಕ್ಕಿದ್ದು ಮರ್ಯಾದೆ. ಎರಡರಲ್ಲಿ ಯಾವುದು ದೊಡ್ಡದು ಎಂದು ಯಾರು ಕೇಳಿದರೂ, ಮರ್ಯಾದೆಯೇ ದೊಡ್ಡದು ಎಂದು ತಲೆಯೆತ್ತಿ ಹೇಳುತ್ತೇನೆ.

ಹಾಗಾದರೆ ಅವಳ ಜೊತೆ ಅದಲುಬದಲು ಮಾಡಿಕೊಳ್ಳುತ್ತೀಯಾ ಎಂದು ಮಾತ್ರ ಕೇಳಬೇಡಿ. ಈ ಗಳಿಗೆಯೇ ಮಾಡಿಕೊಂಡುಬಿಡುತ್ತೇನೆ.