ತಂತಿಯ ಕೆಳಗಿನ ಅರಳೆ

ಭೀಮಲಿಂಗಪ್ಪ ತೀರಿಕೊಂಡ ಮೂರನೆಯ ತಿಂಗಳಿಗೆ ಅವರ ಬೇಸ್ ಗಿಟಾರು ಶಿಷ್ಯ ಸಿದ್ದಲಿಂಗೇಶನ ಹೆಗಲಿಗೆ ಬಂತು. ಅವರ ದನಿ ಮಾತ್ರ ಬರಲಿಲ್ಲ.

ಆದೋನಿ ಸುತ್ತಿನ ಮದುವೆಗಳಲ್ಲಿ ಹಾಡುವ ದೇವದಾಸನ ಆರ್ಕೆಸ್ಟ್ರಾದಲ್ಲಿ ಅವರು ಇಪ್ಪತ್ತೆರಡು ವರ್ಷ ನುಡಿಸಿದ್ದರು. ಮದ್ದಿಕೇರದಲ್ಲಾಗಲಿ ದೇವನಕೊಂಡದಲ್ಲಾಗಲಿ, ಪೆಂಡಾಲಿನ ಹಿಂದೆ ಪಾತ್ರೆ ತೊಳೆಯುವವರು ಕೂಡ ಆ ದನಿಯನ್ನು ಗುರುತಿಸುತ್ತಿದ್ದರು. ಮಣ್ಣುನೆಲಕ್ಕೆ ಹತ್ತಿಮೂಟೆ ಬಿದ್ದಂತೆ 'ಧಪ್' ಎಂದು ಕೂರುತ್ತಿತ್ತು, ಕೂತು ಸುಮ್ಮನಾಗುತ್ತಿತ್ತು. ಆ ಸುಮ್ಮನಾದ ಜಾಗದಲ್ಲಿ ಢೋಲಕ್ ಮಾತಾಡುತ್ತಿತ್ತು.

ಅದೇ ಗಿಟಾರನ್ನು ಸಿದ್ದಲಿಂಗೇಶ್ ಮೀಟಿದರೆ 'ಗುಂಯ್' ಎಂದು ಎಳೆಯುತ್ತಿತ್ತು.

"ಕಾದು ರಾ, ಇದು ಅಲ್ಲ," ಎಂದು ದೇವದಾಸ್ ತೆಲುಗು ಬೆರೆಸಿ ಹೇಳಿ, ತಾಲೀಮಿನ ನಡುವೆಯೇ ಹಾಡು ನಿಲ್ಲಿಸಿದ. "ಢೋಲಕ್ ಮ್ಯಾಲ ಹೋಗಿ ಕುಂದರತೈತಿ ನಿನ್ನ ಬೇಸು. ಭೀಮಲಿಂಗಣ್ಣನ ಸೌಂಡ್ ಎಲ್ಲಿ ಹೋತಪಾ?"

ಕೀಬೋರ್ಡಿನ ನರೇಶ ನಕ್ಕ. "ನನ್ನ ಎಡಗೈ ಖಾಲಿನೇ ಐತ್ಯಣ್ಣ, ಬೇಸ್ ಇದ್ರಾಗೇ ಬಾರಸ್ತೀನಿ. ಸಿದ್ದಲಿಂಗಣ್ಣ ಸ್ಪೀಕರ್ ಹೊರಲಿ. ಮಿಲ್ಲಿನ್ಯಾಗ ಮೂಟಿ ಹೊತ್ತು ರೂಢಿ ಐತಿ."

ಎಲ್ಲರೂ ನಕ್ಕರು. ಸಿದ್ದಲಿಂಗೇಶನೂ ನಕ್ಕ.

"ಐತವಾರ ಮುಂಜಾನಿ ತನಕ ನೋಡ್ತೀನಿ," ಎಂದ ದೇವದಾಸ್. "ಬರಲಿಲ್ಲಂದ್ರ ನರೇಶನ ಎಡಗೈನೇ. ಬ್ಯಾಸರ ಮಾಡ್ಕಬ್ಯಾಡ."

ಮಾಡಿಕೊಳ್ಳದೆ ಹೇಗೆ? ಎರಡು ವರ್ಷ, ಹತ್ತಿ ಮಿಲ್ಲಿನ ಕೆಲಸ ಮುಗಿಸಿ ದಿನಾ ಸಂಜೆ ಭೀಮಲಿಂಗಪ್ಪನವರ ಪಡಸಾಲೆಯಲ್ಲಿ ಕೂತು, ಅವರ ಇನ್ನೊಂದು ಹಳೆಯ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕಲಿತಿದ್ದ; ಮದುವೆಗೆ ಒಯ್ಯುವ ಗಿಟಾರನ್ನು ಅವರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಬದುಕಿನಲ್ಲಿ ಅವನು ಮೂಟೆಯಲ್ಲದೆ ಬೇರೆ ಏನನ್ನಾದರೂ ಹೆಗಲಿಗೇರಿಸಿದ್ದರೆ ಅದು ಈ ಗಿಟಾರು ಒಂದೇ. ಅದನ್ನು ಮೊದಲ ದಿನವೇ ಒರೆಸಿ, ಸಂದಿಗೊಂದಿಯಲ್ಲೂ ಧೂಳಿಲ್ಲದಂತೆ ಇಟ್ಟಿದ್ದ. ಆ ವಾರವೆಲ್ಲ ಯಾವ ಗುಂಡಿ ಎಷ್ಟು ತಿರುಗಿಸಿದರೆ ಏನಾಗುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದ. ಬೆರಳಿನಲ್ಲಿ ನುಡಿಸಿದ, ಹೆಬ್ಬೆರಳಿನಲ್ಲಿ ನುಡಿಸಿದ. ಸ್ಪೀಕರನ್ನು ಗೋಡೆಗೆ ತಿರುಗಿಸಿಟ್ಟ. ಗುಂಯ್ ಎನ್ನುವುದು ನಿಲ್ಲಲಿಲ್ಲ. ದೋಷ ಗಿಟಾರಿನದಲ್ಲ, ನನ್ನ ಕೈಯದೇ ಎಂದುಕೊಂಡ. ಗುರುಗಳು ಅದನ್ನು ಮೊದಲೇ ಕಂಡು ಹೇಳದೆ ಇದ್ದರೇನೋ ಎಂದೂ ಅನಿಸಿತು.

ಶನಿವಾರ ಸಂಜೆ ಅವರ ಮನೆಗೆ ಹೋದ. ಅವರ ಹೆಂಡತಿ ಜಯಕ್ಕ ಹೊಸ್ತಿಲ ಬಳಿ ಕೂತು ದೀಪದ ಬತ್ತಿ ಹೊಸೆಯುತ್ತಿದ್ದಳು.

"ಜಯಕ್ಕಾ, ಅಣ್ಣಾರು ಸೌಂಡಿಗೆ ಏನಾರ ಗುಟ್ಟು ಇಟ್ಟಿದ್ರೇನ್ರಿ?"

"ಎಂಥ ಗುಟ್ಟಪಾ! ತಂತಿ ಕೆಳಗ, ಆ ತುದೀಗೆ ಕಬ್ಬಿಣದ ಪಟ್ಟಿ ಐತಲ್ಲ, ಅದರ ಬಾಜೂಕ ಹತ್ತಿ ಅರಳಿ ತುರುಕ್ತಿದ್ರು. ದನಿ ಎಳೀಬಾರದು ಅಂತ." ಬತ್ತಿಯೊಂದನ್ನು ತಟ್ಟೆಗಿಟ್ಟಳು. "ಕಡೀ ಸಲ ಅವರ ಕೈ ನಡುಗ್ತಿತ್ತು. ನಾನೇ ಇಟ್ಟು ಕೊಟ್ಟೆ. ಐತಲ್ಲ?"

ಸಿದ್ದಲಿಂಗೇಶ್ ತನ್ನ ಬೆರಳುಗಳನ್ನು ನೋಡಿಕೊಂಡ.

ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನವರಿಗೆ ಹತ್ತಿಯ ಎಳೆ ಎಂದರೆ ಕೊಳೆ. ಅದು ರೆಪ್ಪೆಯಲ್ಲಿ, ಕಿವಿಯಲ್ಲಿ, ಬುತ್ತಿಯ ಅನ್ನದಲ್ಲಿ ಇರುತ್ತದೆ. ಹೊರಗೇ ಅಂಗಿ ಜಾಡಿಸದೆ ಅವರು ಮನೆಯೊಳಗೆ ಕಾಲಿಡುವುದಿಲ್ಲ; ಎಲ್ಲಿ ಎಳೆ ಕಂಡರೂ ಬೆರಳು ತಾನಾಗಿ ಕೀಳುತ್ತದೆ. ಮೊದಲ ದಿನ ತಂತಿಯ ಕೆಳಗೆ ಕಂಡ ಮಾಸಲು ಉಂಡೆಯನ್ನು ಅವನು ಪಿನ್ನಿನಿಂದ ಎಳೆಎಳೆಯಾಗಿ ಕಿತ್ತಿದ್ದ. ಅಷ್ಟು ಶ್ರದ್ಧೆಯಿಂದ.

"ಐತ್ರಿ" ಎಂಬ ಸುಳ್ಳು ಅವನ ನಾಲಿಗೆಯ ತುದಿಗೆ ಬಂತು; ಆಡಲಿಲ್ಲ.

"ತೆಗದುಬಿಟ್ಟೀನ್ರಿ, ಅಕ್ಕಾ. ಹೊಲಸು ಅಂದಕಂಡೆ."

ಬತ್ತಿ ಹೊಸೆಯುವ ಕೈ ನಿಂತಿತು. "ಎಲ್ಲಿಟ್ಟಿ?"

"ಮೋರಿಗೆ ಹಾಕೀನ್ರಿ."

ಅವಳು ಬೈದಿದ್ದರೆ ಚೆನ್ನಾಗಿತ್ತು. ತಟ್ಟೆಯಲ್ಲಿದ್ದ ಅರಳೆಯಿಂದ ಒಂದು ಹಿಡಿ ಮುರಿದು ಅವನ ಅಂಗೈಗಿಟ್ಟಳು. "ಬೀಜ ಐತೇನು ನೋಡಿ ಹಾಕು," ಎಂದು ಒಳಗೆ ಹೋದಳು. ದೀಪ ಹಚ್ಚುವ ಹೊತ್ತಾಗಿತ್ತು, ಹೊಸೆದ ಬತ್ತಿ ಹೊಸ್ತಿಲಲ್ಲೇ ಉಳಿದಿತ್ತು.

ಭಾನುವಾರ ಬೆಳಿಗ್ಗೆ ತಂತಿಯ ಕೆಳಗೆ ಅರಳೆ ತುರುಕಿ ಮೀಟಿದ. ಧಪ್. ಢೋಲಕ್ಕಿನವನು ತಲೆ ಎತ್ತಿ ನೋಡಿದ. ದೇವದಾಸ್ ಎಲ್ಲೂ ನಿಲ್ಲಿಸದೆ ಹಾಡನ್ನು ಕೊನೆಯವರೆಗೆ ಹಾಡಿದ.

"ಬಂತು ನೋಡ್ರಾ! ಇವನೇ ಇರಲಿ."

"ನನ್ನ ಎಡಗೈಗೆ ಮತ್ತ ರಜಾ," ಎಂದ ನರೇಶ.

ದೇವದಾಸ್ ಸಂಭ್ರಮದಲ್ಲಿ ಜಯಕ್ಕನಿಗೆ ಫೋನು ಮಾಡಿ, ಅದನ್ನು ಸ್ಪೀಕರಿನ ಮುಂದೆ ಹಿಡಿದ. "ಅಕ್ಕಾ, ಕೇಳ್ರಿ. ಅಣ್ಣ ಬಂದಂಗ ಐತಿ!"

ಸಿದ್ದಲಿಂಗೇಶ್ ನುಡಿಸಿದ.

"ಹೊಸ ಅರಳಿ ಅದು," ಎಂದಳು ಜಯಕ್ಕ. "ಚೊಲೊ ಐತಿ." ಫೋನು ಕಟ್ಟಾಯಿತು.

ದೇವದಾಸ್ ಮುಂದಿನ ಹಾಡಿಗೆ ಗಂಟಲು ಸರಿಪಡಿಸಿಕೊಂಡ. ತಂತಿಗಳ ನಡುವಿನಿಂದ ಒಂದು ಬಿಳಿ ಎಳೆ ಹೊರಗೆ ಇಣುಕುತ್ತಿತ್ತು. ಸಿದ್ದಲಿಂಗೇಶನ ಬೆರಳು ಅಭ್ಯಾಸದಂತೆ ಅದನ್ನು ಕೀಳಲು ಹೋಯಿತು. ತಡೆದ. ಆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತಾಳಕ್ಕೆ ಕಾದು ನಿಂತ.