ಸಿಂಬಿ ಇಟ್ಟ ಜಾಗ

ಬಸ್ಸಿನ ವೈಪರ್ ಅರ್ಧದವರೆಗೆ ಹೋಗಿ ನಿಲ್ಲುತ್ತದೆ, ಏನನ್ನೋ ಮರೆತ ಹಾಗೆ, ಆಮೇಲೆ ನೆನಪಾಗಿ ಉಳಿದರ್ಧ ಒರೆಸುತ್ತದೆ, ಡ್ರೈವರನಿಗೆ ಅಷ್ಟೇ ಸಾಕು, ಈ ರಸ್ತೆ ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು — ಕಾರ್ಕಳದಿಂದ ಕರೆ ಬರುತ್ತದೆ ಎಂದು ನನಗೆ ಗೊತ್ತಿರುವ ಹಾಗೆ. ಬರುತ್ತದೆ, ಈಗಷ್ಟೇ ಬೈಲೂರು ದಾಟಿದೆ, ಹಿರಿಯಡ್ಕದೊಳಗೆ ಬರುತ್ತದೆ, ಹೆಚ್ಚೆಂದರೆ ಪರ್ಕಳ. ಮೊಬೈಲು ಸೌಮ್ಯಳ ಮಡಿಲಲ್ಲಿದೆ, ಅವಳ ಮುಖ ಕಿಟಕಿಯ ಕಡೆಗಿದೆ, ಬಸ್ಸು ಹತ್ತಿದ ಮೇಲೆ ಒಂದು ಮಾತಿಲ್ಲ, ಎಂತ ಮಗಾ ಹಸಿವಾ ಎಂದರೆ ತಲೆ ಅಲ್ಲಾಡಿಸುತ್ತಾಳೆ, ಚಕ್ಕುಲಿ ಪೊಟ್ಟಣ ಹಾಗೇ ಉಳಿದಿದೆ. ಮುನಿಸು. ಹದಿನೆಂಟಕ್ಕೆ ಮುನಿಸು ಬಾರದೆ ನನ್ನ ಎಪ್ಪತ್ತೆರಡಕ್ಕೆ ಬರುತ್ತದೆಯೇ, ಇರಲಿ, ಕರೆ ಬಂದರೆ ಮುಖ ತಾನಾಗಿ ಈಚೆ ತಿರುಗುತ್ತದೆ. ನನ್ನ ಮಗ ಧನರಾಜನ ಮಗಳು ಇವಳು, ಪಿಯುಸಿ ಮುಗಿಸಿದವಳು, ಕಾಪುವಿನ ಕಡಲ ಮರಳಿನಲ್ಲಿ ಹುಡುಗರು ಒದ್ದ ಚೆಂಡನ್ನು ಹಿಡಿದು ಹಿಡಿದು ಜಿಲ್ಲೆಯ ಹುಡುಗಿಯರ ತಂಡಕ್ಕೆ ಗೋಲ್‌ಕೀಪರ್ ಆದವಳು, ಅವಳನ್ನು ಎರಡು ಕಾಲೇಜು ಕರೆದಿವೆ, ಮಣಿಪಾಲದ್ದು ಒಂದು, ಕಾರ್ಕಳದ್ದು ಒಂದು, ಅಲ್ಲಿಂದಲೇ ಈಗ ಬರುತ್ತಿರುವುದು, ಮಣಿಪಾಲದವರಿಗೆ ಇವತ್ತು ನಾಲ್ಕು ಗಂಟೆಯೊಳಗೆ ಹೋಗಿ ಸಹಿ ಹಾಕಬೇಕು, ಇಲ್ಲವಾದರೆ ಆ ಸೀಟು ಇನ್ನೊಬ್ಬಳಿಗೆ. ಈಗ ಎರಡೂ ಮುಕ್ಕಾಲು. ಪಡುಬಿದ್ರಿಯ ಬಸ್ಸು ಹತ್ತಿದ್ದರೆ ನಂದಿಕೂರಿನ ಮೇಲೆ ನೇರ ಮನೆಗೇ ಹೋಗಬಹುದಿತ್ತು, ನಾನೇ ಬೇಡ ಎಂದೆ, ಮಣಿಪಾಲದ ಮೇಲೆ ಹೋಗುವ ಬಸ್ಸೇ ಇರಲಿ, ಒಪ್ಪಿದೆವು ಎಂದು ಕಾರ್ಕಳದ ಕರೆ ಬಂದರೆ ಸರಿ, ಬಾರದಿದ್ದರೆ ಟೈಗರ್ ಸರ್ಕಲ್‌ನಲ್ಲಿ ಇಳಿದು ಸಹಿ — ಬಾರದಿದ್ದರೆ ಎಂಬುದು ಬರೇ ಬಾಯಿಗೆ ಬಂದ ಮಾತು, ಬರುತ್ತದೆ. ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಮನುಷ್ಯ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿದ, ಆಮೇಲೆ ಆರಾಮವಾಗಿ ಬೀಡಿ ಮುಗಿಸಿ ಹತ್ತಿ ಬಂದ, ನನಗೆ ನಗು ಬಂತು, ನಮ್ಮ ಮೀನು ಮಾರ್ಕೆಟಿನ ಸಾಲಿನಲ್ಲಿ ನಾವು ಮಾಡುವುದೂ ಅದೇ ಅಲ್ಲವೇ, ಏಲಂ ಕೂಗುವ ಕಡೆಗೆ ಓಡುವ ಮೊದಲು ತಲೆಯ ಸಿಂಬಿ ತೆಗೆದು ಜಾಗದಲ್ಲಿ ಇಡುವುದು, ಬುಟ್ಟಿಯ ಅಡಿಗೆ ಹಳೇ ಸೀರೆಯ ತುಂಡನ್ನು ಬಳೆಯ ಹಾಗೆ ಸುತ್ತಿದ್ದು, ಅದಿದ್ದರೆ ಆ ಜಾಗ ಅವಳದ್ದು, ಅವಳು ಎಷ್ಟು ಹೊತ್ತಿಗೆ ಬಂದರೂ ಅವಳದ್ದೇ, ಜಗಳವಾಡಿ ಕೂದಲು ಹಿಡಿದುಕೊಂಡವರೂ ಒಬ್ಬರ ಸಿಂಬಿಯನ್ನೊಬ್ಬರು ಸರಿಸಿದವರಲ್ಲ. ಸೌಮ್ಯ ಆ ಸಾಲಿನಲ್ಲೇ ನಡೆಯಲು ಕಲಿತವಳು, ಎರಡು ಸಿಂಬಿಯ ನಡುವೆ ಮಲಗಿಸುತ್ತಿದ್ದೆ.

ಮಣಿಪಾಲಕ್ಕೆ ಹೋದದ್ದು ಹೋದ ಗುರುವಾರ. ಮೈದಾನದ ಹುಲ್ಲೆಂದರೆ ಅದು ಹುಲ್ಲು, ಜಮಖಾನ ಹಾಸಿದ ಹಾಗೆ, ಮಳೆ ಸುರಿದರೂ ಕೆಸರಿಲ್ಲ, ಸೌಮ್ಯ ಚಪ್ಪಲಿ ಬಿಟ್ಟು ಅದರ ಮೇಲೆ ನಿಂತಳು, ದೇವಸ್ಥಾನದಲ್ಲಿ ನಿಂತ ಹಾಗೆ, ನನಗೆ ಅಲ್ಲೇ ಹೆದರಿಕೆ ಆಯಿತು. ಮೀನಿನ ಮೈ ಹೊಳೆಯುವುದು ನೋಡಿ ಯಾರೂ ಮೀನು ತೆಗೆದುಕೊಳ್ಳಬಾರದು, ನೀರು ಚಿಮುಕಿಸಿದರೆ ನಿನ್ನೆಯ ಬಂಗುಡೆಯೂ ಹೊಳೆಯುತ್ತದೆ, ಕಿವಿರು ಎತ್ತಿ ನೋಡಬೇಕು, ಕೆಂಪಿದೆಯೋ ಕಂದಿದೆಯೋ. ಅಲ್ಲಿಯ ಕೋಚು ಬ್ರಯಾನ್ ಸರ್ ಒಳ್ಳೆಯವರು, ಬನ್ನಿ ಅಮ್ಮ ಕುಳಿತುಕೊಳ್ಳಿ ಅಮ್ಮ ಎಂದು ಕುರ್ಚಿ ಎಳೆದು ಕೊಟ್ಟರು, ಚಾ ತರಿಸಿದರು, ಜಿಮ್ಮು ತೋರಿಸುತ್ತೇವೆ ಬನ್ನಿ ಎಂದರು, ನಾನು ಇಲ್ಲಿ ಗೋಲಿನಲ್ಲಿ ನಿಲ್ಲುವವರು ಎಷ್ಟು ಜನ ಸರ್ ಎಂದು ಕೇಳಿದೆ, ಮೂವರಿದ್ದಾರೆ ಎಂದರು, ಹಾಗಾದರೆ ಇವಳು ನಾಲ್ಕನೆಯವಳೋ ಎಂದೆ, ಅವರು ನಕ್ಕರು, ಚಾನ್ಸ್ ಎಲ್ಲರಿಗೂ ಉಂಟು ಅಮ್ಮ. ಅವರಿಗೆ ಫೋನು ಬಂದಾಗ ನಾನು ಸೆರಗು ಕಟ್ಟಿಕೊಂಡು ಮೈದಾನದ ಹಿಂದುಗಡೆಗೆ ಹೋದೆ, ಅಂಗಡಿಯ ಎದುರು ಬೋರ್ಡು ಇರುತ್ತದೆ, ಹಿಂದುಗಡೆ ಸತ್ಯ ಇರುತ್ತದೆ, ಅಲ್ಲಿ ಮೆಟ್ಟಿಲಿನ ಮೇಲೆ ಮೊಣಕಾಲಿಗೆ ಪಟ್ಟಿ ಕಟ್ಟಿದ ಒಬ್ಬಳು ಬಾಟ್ಲಿಗಳಿಗೆ ನೀರು ತುಂಬುತ್ತಿದ್ದಳು, ಶರೋನ್ ಅಂತೆ ಹೆಸರು, ಎರಡನೇ ವರ್ಷ, ಬಿದ್ದದ್ದು ನವೆಂಬರಿನಲ್ಲಿ. ಆಡದಿದ್ದರೆ ಎಂತ ಮಗಾ ಎಂದೆ. ಆಡದಿದ್ದರೆ ಆಟದ ಸೀಟು ಮುಂದಿನ ವರ್ಷಕ್ಕೆ ಇಲ್ಲ ಅಜ್ಜಿ, ಹಾಗೆ ಮೊದಲೇ ಬರೆದಿರುತ್ತದೆ, ನಾವೇ ಓದುವುದಿಲ್ಲ, ಎಂದು ನಗುತ್ತಲೇ ಹೇಳಿದಳು, ಪಾಪ ಯಾರನ್ನೂ ದೂರಲಿಲ್ಲ. ಸಂಜೆ ಮನೆಗೆ ಬಂದು ಅವರು ಕೊಟ್ಟ ಕಾಗದ ಬಿಡಿಸಿದೆವು, ಇಂಗ್ಲಿಷಿನದು, ಅಕ್ಷರ ನನಗೆ ಬರುತ್ತದೆ, ಅರ್ಥ ಸೌಮ್ಯ ಹೇಳಬೇಕು, ದೊಡ್ಡ ಅಕ್ಷರ ಬಿಡು ಸಣ್ಣದ್ದು ಓದು ಎಂದೆ — ಸಣ್ಣ ಅಕ್ಷರ ಮೊದಲು ಓದಿ ನಳಿನಾಕ್ಷಿ, ದೊಡ್ಡದು ತಾನೇ ಓದಿಸಿಕೊಳ್ಳುತ್ತದೆ ಎನ್ನುತ್ತಿದ್ದರು ಲೂಯಿಸ್ ಮಾಸ್ಟ್ರು, ನಲವತ್ತಮೂರು ವರ್ಷದ ನನಗೆ ರಾತ್ರಿ ಶಾಲೆಯಲ್ಲಿ ಕೈ ಹಿಡಿದು ಅ ಬರೆಸಿದವರು, ಕೈಯ ಮೀನಿನ ವಾಸನೆಗೆ ಒಂದು ದಿನ ಮುಖ ತಿರುಗಿಸಿದವರಲ್ಲ. ಸಣ್ಣ ಅಕ್ಷರದಲ್ಲಿ ಇತ್ತು, ವರ್ಷ ವರ್ಷ ಆಟ ನೋಡಿ ಸೀಟು ಮುಂದುವರಿಸುವುದು. ಧನರಾಜ ಬಲೆ ಹೆಣೆಯುತ್ತಾ ಕೂತಿದ್ದ, ಮಳೆಗಾಲದ ಎರಡು ತಿಂಗಳು ಬೋಟು ಕಡಲಿಗೆ ಇಳಿಯುವಂತಿಲ್ಲ, ಗಂಡಸರು ಮನೆಯಲ್ಲಿ, ಎಲ್ಲದಕ್ಕೂ ಬಾಯಿ ಹಾಕುತ್ತಾರೆ. ಮಣಿಪಾಲ ಅಂದರೆ ಹೆಸರು ಅಮ್ಮ, ಕಾರ್ಕಳದ ಆ ಕೆಂಪು ಮಣ್ಣಿನಲ್ಲಿ ಬಿದ್ದೆದ್ದರೆ ಇವಳ ಬಟ್ಟೆ ಒಗೆಯಲಿಕ್ಕೇ ಒಂದು ಜನ ಬೇಕು, ನೀವು ಯಾಕೆ ಮೊದಲೇ ಕಾಲು ಮುರಿಯುವ ಮಾತು ಆಡುತ್ತೀರಿ ಎಂದ. ನಾನು ಅವನ ಮೊಣಕಾಲನ್ನೇ ನೋಡಿದೆ. ಹತ್ತೊಂಬತ್ತರ ವಯಸ್ಸಿನಲ್ಲಿ ಊರಿನ ತಂಡದವರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದರು, ಹಳದಿ ಜೆರ್ಸಿ ಕೊಟ್ಟಿದ್ದರು, ಮೊಣಕಾಲು ತಿರುಚಿ ಬಿದ್ದ ಮೇಲೆ ಮೊದಲ ವಾರ ನಾಲ್ಕು ಜನ ಬಂದರು, ಎರಡನೇ ವಾರ ಒಬ್ಬ ಬಂದ, ಜೆರ್ಸಿ ವಾಪಸು ಕೇಳಲಿಕ್ಕೆ, ಇನ್ನೊಬ್ಬ ಸಿಕ್ಕಿದ್ದಾನೆ ಅಂತೆ. ಒಗೆದು ಮಡಚಿ ಕೊಟ್ಟವಳು ನಾನೇ. ಅದನ್ನು ಅವನು ಮರೆತಿದ್ದಾನೆ, ಅವನ ಕಾಲು ಮರೆತಿಲ್ಲ, ಮೆಟ್ಟಿಲು ಇಳಿಯುವಾಗ ಮಡಚದೆ ಇಳಿಯುತ್ತಾನೆ.

ಹಿರಿಯಡ್ಕ ಬಂತು, ಹಿರಿಯಡ್ಕ ಹೋಯಿತು, ಒಂದು ಮಲ್ಲಿಗೆಯ ಚೆಂಡು ಹತ್ತಿತು, ಒಂದು ಗ್ಯಾಸ್ ಸಿಲಿಂಡರ್ ಇಳಿಯಿತು. ಕರೆ ಇಲ್ಲ. ಪರ್ಕಳ ಎಂದೆನಲ್ಲ, ಪರ್ಕಳದೊಳಗೆ. ಮಾಡಿದ್ದು ಸರಿಯೇ ಮಾಡಿದ್ದೇನೆ, ಇನ್ನೊಮ್ಮೆ ನೋಡುವುದಾದರೆ — ಇವತ್ತು ಕಾರ್ಕಳದ ಕೋಚು ವಿಲ್ಮಾ ಮೇಡಂ ಮಳೆಯಲ್ಲೇ ಇವಳನ್ನು ಗೋಲಿನಲ್ಲಿ ನಿಲ್ಲಿಸಿದರು, ತಾವೇ ಒದ್ದರು, ಐವತ್ತರ ಹತ್ತಿರದ ಹೆಂಗಸು, ಸೀರೆಯಲ್ಲ ಪ್ಯಾಂಟು, ಒದೆತ ನೋಡಬೇಕು, ಹತ್ತರಲ್ಲಿ ಏಳು ಹಿಡಿದಳು ನನ್ನ ಮೊಮ್ಮಗಳು, ಎಂಟನೆಯದಕ್ಕೆ ಕೆಸರಿನಲ್ಲಿ ಮಕಾಡೆ ಬಿದ್ದಳು, ಎದ್ದಾಗ ಬರೇ ಹಲ್ಲು ಬೆಳ್ಳಗೆ. ಬಲಗಡೆಗೆ ಚೆಂದ ಹಾರುತ್ತಿ, ಎಡಗಡೆಗೆ ಯೋಚನೆ ಮಾಡುತ್ತಿ, ಯಾಕೆ ಎಂದರು ಮೇಡಂ. ಕಾರಣ ನನಗೆ ಗೊತ್ತು, ಊರಿನಲ್ಲಿ ಇವಳು ನಿಲ್ಲುವ ಜಾಗದ ಎಡಗಡೆಯಲ್ಲಿ ಕಡಲ ಬದಿಯ ಕಲ್ಲು ಉಂಟು, ಚಿಕ್ಕಂದಿನಿಂದ ಆ ಕಡೆ ಹಾರಿ ಅಭ್ಯಾಸವಿಲ್ಲ, ಈ ಹೆಂಗಸು ಹತ್ತು ಚೆಂಡಿನಲ್ಲಿ ಆ ಕಲ್ಲನ್ನು ಕಂಡುಹಿಡಿದಳಲ್ಲ. ಮೇಡಂನ ಬಲಗೈಯ ಕಿರುಬೆರಳು ಸೊಟ್ಟ. ಅವರೂ ಗೋಲಿನಲ್ಲಿ ನಿಂತವರೇ. ಒಬ್ಬಳೇ ಒಬ್ಬಳು ಕೀಪರ್ ಇದ್ದಾಳೆ ಅಮ್ಮ, ಅವಳದ್ದು ಈ ವರ್ಷಕ್ಕೆ ಮುಗಿಯುತ್ತದೆ, ಇವಳು ನಾಳೆ ಬಂದರೆ ನಾಡಿದ್ದಿನಿಂದ ನಿಲ್ಲುತ್ತಾಳೆ ಎಂದರು ಮೇಡಂ. ಕಿವಿರು ಕೆಂಪಗಿತ್ತು. ಆದರೂ ನಾನು ಕೇಳಿದೆ, ಕಾಲು ಮುರಿದರೆ ಎಂತ ಮೇಡಂ, ಮೂರು ವರ್ಷ ಸೀಟೂ ಹಾಸ್ಟೆಲೂ ಇರುತ್ತದೆ ಎಂದು ಬರೆದು ಕೊಡುತ್ತೀರಾ. ಹೋದ ವರ್ಷ ಕಾಲು ಮುರಿದವಳು ಈಗ ಲೈಬ್ರರಿಯಲ್ಲಿ ಕೂತು ಓದುತ್ತಿದ್ದಾಳೆ, ಹೋಗಿ ಅವಳನ್ನೇ ಕೇಳಿ ಅಮ್ಮ, ಬರೆದು ಕೊಡಲಿಕ್ಕೆ ನನಗೆ ಅಧಿಕಾರ ಇಲ್ಲ, ಪ್ರಿನ್ಸಿಪಾಲರು ಬರೆಯಬೇಕು. ಹಾಗಾದರೆ ಬರೆಸಿ ಎಂದೆ. ಇವತ್ತೇ ಆಗುತ್ತದೋ ಇಲ್ಲವೋ ಎಂದರು. ಹಾಗಾದರೆ ನಾವು ಬರುತ್ತೇವೆ ಎಂದು ನಾನು ಚೀಲ ಎತ್ತಿದೆ, ನಡೆ ಮಗಾ ಎಂದೆ, ಹಿಂದೆ ನೋಡಬೇಡ. ಮೂವತ್ತು ವರ್ಷ ಬುಟ್ಟಿ ಹೊತ್ತು ಮನೆ ಮನೆ ತಿರುಗಿದವಳು ನಾನು, ಹೆಚ್ಚಾಯಿತು ಮಾರಾಯ್ತಿ ಎಂದು ಮನೆಯವಳು ಮೂಗು ಮುರಿದರೆ ಮಾತಿಲ್ಲದೆ ಬುಟ್ಟಿ ತಲೆಗೆ, ನಡೆಯುವುದು, ಏಳು ಹೆಜ್ಜೆ, ಏಳನೆಯದಕ್ಕೆ ಹಿಂದಿನಿಂದ ಬರುತ್ತದೆ, ಓ ನಳಿನಾಕ್ಷಿ, ಇಳಿಸು ಇಳಿಸು, ನಿನ್ನ ಕೋಪ ಎಂತದ್ದು. ಯಾವತ್ತೂ ತಪ್ಪಿದ್ದಿಲ್ಲ. ಇವತ್ತು ಏಳು ಆಯಿತು, ಗೇಟಿಗೆ ಹದಿನಾಲ್ಕು ಆಯಿತು, ಬಸ್‌ಸ್ಟ್ಯಾಂಡಿಗೆ ಎಷ್ಟಾಯಿತೋ. ಅಜ್ಜಿ ಇದು ಮೀನು ಮಾರ್ಕೆಟ್ ಅಲ್ಲ, ಎಂದಳು ಸೌಮ್ಯ, ಬಸ್ಸಿನ ಮೆಟ್ಟಿಲಿನಲ್ಲಿ, ಅದೇ ಕೊನೆಯ ಮಾತು. ಮಾರ್ಕೆಟ್ ಅಲ್ಲದ್ದು ಯಾವುದು ಮಗಾ, ಎಂದೆ.

ಆತ್ರಾಡಿ. ಕರೆ ಇಲ್ಲ. ಬರುತ್ತದೆ, ಏಕೆಂದರೆ ನಾನು ನೋಡಿದ್ದೇನೆ, ಹಿಂದೆ ನೋಡಬೇಡ ಎಂದು ಇವಳಿಗೆ ಹೇಳಿ ನಾನೇ ನೋಡಿದೆ, ಬಸ್ಸು ಆ ಕಾಲೇಜಿನ ಮೋಟು ಗೋಡೆಯ ಬದಿಯಲ್ಲೇ ಹಾದುಬಂತು, ಗೋಡೆಯಾಚೆ ಮೈದಾನ, ಗೋಲಿನ ಬಲೆಯ ಮೇಲ್ತುದಿಗೆ ಎರಡು ಗ್ಲೌಸ್ ಸಿಕ್ಕಿಸಿತ್ತು, ಅಂಗೈ ಈಚೆಗೆ, ಹತ್ತೂ ಬೆರಳು ಬಿಡಿಸಿ, ಅದರ ಕೆಳಗೆ ವಿಲ್ಮಾ ಮೇಡಂ ರಸ್ತೆಯ ಕಡೆಗೇ ಮುಖ ಮಾಡಿ ನಿಂತಿದ್ದರು. ಮನಸ್ಸು ಆಡುತ್ತಿದೆ ಅವರಿಗೆ, ಕರೆಯುವ ಮನಸ್ಸು, ಆಗಲೇ ಅಂದುಕೊಂಡೆ, ಅದಕ್ಕೇ ಇಷ್ಟು ಧೈರ್ಯ. ಆದರೆ ಬುಟ್ಟಿ ಎತ್ತಿ ನಡೆಯುವಾಗ ಬಂಗುಡೆಯನ್ನು ಕೇಳಲಿಕ್ಕಿಲ್ಲ, ಈ ಮನೆಗೋ ಆ ಮನೆಗೋ ಎಂದು. ಇವಳಿಗೆ ಬಾಯಿ ಉಂಟು. ಎರಡು ಕಾಲೇಜಿನಲ್ಲೂ ಎಲ್ಲರನ್ನೂ ಕೇಳಿದೆ, ಕೋಚನ್ನು, ಕ್ಲಾರ್ಕನ್ನು, ಬಾಟ್ಲಿ ತುಂಬುವ ಹುಡುಗಿಯನ್ನು, ನನ್ನ ಬದಿಯಲ್ಲಿ ಕೂತವಳನ್ನು ಕೇಳಿದೆನೇ. ಕೇಳಿದ್ದೇನೆ, ಹಸಿವಾ ಎಂದು. ಬಿಡು, ಇವಳಿಗೆ ಬೇಕಾದ್ದು ಆ ಹುಲ್ಲೇ, ಬರಿಗಾಲಿನಲ್ಲಿ ನಿಂತದ್ದನ್ನು ನೋಡಿದ್ದೇನೆ, ಮಾತು ಬಿಟ್ಟದ್ದು ಅದಕ್ಕೇ, ಮಣಿಪಾಲ ಬಂದರೆ ನನಗಿಂತ ಮೊದಲು ಇಳಿಯುತ್ತಾಳೆ ನೋಡು — ಗ್ಲೌಸ್ ಎಂದೆನಲ್ಲ, ಯಾರ ಗ್ಲೌಸ್ ಅದು, ಆ ಕಾಲೇಜಿನ ಮಕ್ಕಳು ಆಗಲೇ ಊಟಕ್ಕೆ ಹೋಗಿದ್ದರು. ನೀಲಿ. ಎಡಗೈಯ ಹೆಬ್ಬೆರಳಿಗೆ ಬಲೆಯ ನೂಲಿನ ಹೊಲಿಗೆ, ಹಸಿರು ನೂಲು, ಧನರಾಜ ಹಾಕಿದ್ದು. ಇವಳ ಮಡಿಲಿನ ಚೀಲ ನೋಡುತ್ತೇನೆ, ಬೆಳಗ್ಗೆ ಉಬ್ಬಿತ್ತು, ಈಗ ತೆಳ್ಳಗೆ ಒಣಮೀನಿನ ಹಾಗೆ ಮಲಗಿದೆ. ಮರೆತಳೇ. ಗೋಲಿನಲ್ಲಿ ನಿಲ್ಲುವವಳು ಗ್ಲೌಸ್ ಮರೆಯುತ್ತಾಳೆಯೇ, ನಾನು ಯಾವತ್ತಾದರೂ ಕತ್ತಿ ಮರೆತದ್ದುಂಟೇ, ಇವಳು ಗ್ಲೌಸನ್ನು ಮಲಗುವಾಗಲೂ ತಲೆಯ ಹತ್ತಿರ ಇಟ್ಟುಕೊಳ್ಳುವವಳು, ತಾಯಿಗೂ ಮುಟ್ಟಲು ಬಿಡದವಳು, ಇರುವುದು ಅದೊಂದೇ ಜೊತೆ.

ಪರ್ಕಳ ಯಾವಾಗ ಹೋಯಿತು, ನೋಡಲೇ ಇಲ್ಲ, ಏರು ಬಂದಿದೆ, ದೊಡ್ಡ ಕಟ್ಟಡಗಳು ಶುರುವಾಗಿವೆ, ಕಂಡಕ್ಟರ್ ಬಾಗಿಲಿಗೆ ಬಡಿಯುತ್ತಿದ್ದಾನೆ, ಮಣಿಪಾಲ ಮಣಿಪಾಲ, ಟೈಗರ್ ಸರ್ಕಲ್ ಇಳಿಯುವವರು ಮುಂದೆ ಬನ್ನಿ, ಅಜ್ಜಿ ನೀವು ಇಲ್ಲಿ ಅಲ್ವಾ ಹೇಳಿದ್ದು. ಮೂರೂವರೆ. ನನ್ನ ಕೈ ಎದುರಿನ ಕಂಬಿಗೆ ಹೋಗಿದೆ, ಮೊಣಕಾಲಿಗೆ ಏಳು ಎಂದು ಹೇಳುತ್ತೇನೆ, ಅದು ಏಳುವ ಮೊದಲು ಇವಳ ಕೈ ನನ್ನ ತೋಳಿನ ಮೇಲೆ, ಕೆಸರು ಒಣಗಿದ ಬೆರಳು. ಕೂತುಕೊಳ್ಳಿ ಅಜ್ಜಿ. ಕೂತುಕೊಳ್ಳುತ್ತೇನೆ. ಎಂತ ಅಜ್ಜಿ ಇಳಿಯುವುದಾ ಇಲ್ಲವಾ, ಬಸ್ಸು ನಿಮ್ಮ ಮನೆಯದ್ದಲ್ಲ. ಉಡುಪಿಗೆ ಎರಡು ಕೊಡಿ ಎನ್ನುತ್ತಾಳೆ ಇವಳು, ಕಂಡಕ್ಟರನ ಮುಖ ನೋಡಿಯೇ. ಅಲ್ಲ ಮಗಾ, ಕರೆ ಬರಲಿಲ್ಲ, ಕಾಗದ ಇಲ್ಲ, ನಾಲ್ಕು ಗಂಟೆಗೆ ಇದೂ ಹೋಗುತ್ತದೆ. ಹೋಗಲಿ. ಅಷ್ಟು ಚೆಂದದ ಹುಲ್ಲು ಎನ್ನುತ್ತೇನೆ. ಚೆಂದ ಉಂಟು ಅಜ್ಜಿ, ಆದರೆ ನಾಲ್ಕನೆಯವಳಾಗಿ ಅದರ ಬದಿಯಲ್ಲಿ ಕೂತು ನೋಡಲಿಕ್ಕಲ್ಲ, ನನಗೆ ಎಡಗಡೆಗೆ ಹಾರಬೇಕು. ಟಿಕೆಟು ಮಡಚಿ ಚೀಲಕ್ಕೆ ಹಾಕಿ, ನೀವು ಚೀಲ ಎತ್ತಿದಿರಲ್ಲ, ಆಗಲೇ ನಾನು ಜಾಗ ಹಿಡಿದು ಬಂದಿದ್ದೇನೆ, ಕಾಗದ ನಿಧಾನ ಬರೆಯಲಿ, ನಾಳೆ ಮತ್ತೆ ಹೋಗುವಾ, ಎನ್ನುತ್ತಾಳೆ, ಚಕ್ಕುಲಿ ಉಂಟಾ. ಪೊಟ್ಟಣ ಕೊಡುತ್ತೇನೆ. ಸೊಕ್ಕು ನೋಡು. ಯಾರದ್ದು ಆ ಸೊಕ್ಕು, ನನ್ನದೇ. ನನ್ನ ಏಳು ಹೆಜ್ಜೆಗೆ ಯಾರೂ ಹಿಂದಿನಿಂದ ಕರೆಯಲಿಲ್ಲ, ಅದರ ಹಿಂದೆಯೇ ಇವಳು ಓಡಿಹೋಗಿ ಬಲೆಗೆ ಗ್ಲೌಸ್ ಸಿಕ್ಕಿಸಿ — ಶೂ ಲೇಸ್ ಬಿಚ್ಚಿದೆ ಅಜ್ಜಿ ನೀವು ನಡೆಯಿರಿ ಎಂದಿದ್ದಳಲ್ಲ, ಆಗ. ಧನರಾಜ ಕೂಗಾಡುತ್ತಾನೆ, ಕೂಗಾಡಲಿ, ಹೊಲಿಗೆ ಹಾಕಿದವನು ಅವನೇ. ಆದರೆ ಸಿಂಬಿ ಎಂದರೆ ಏನೆಂದು ಆ ಮೇಡಂಗೆ ಹೇಗೆ ಗೊತ್ತಾಗಬೇಕು, ಮಳೆಗೆ ನೆನೆದ ಎರಡು ಚಿಂದಿ ಎಂದು ಆಫೀಸಿನ ಮೂಲೆಗೆ ಎಸೆದರೆ, ಯಾರೋ ಬಿಟ್ಟು ಹೋದದ್ದು ಎಂದು — ಇಲ್ಲ, ನಿಲ್ಲು ನಳಿನಾಕ್ಷಿ, ನೀನು ನೋಡಿದ್ದೀಯಲ್ಲ, ಸರಿಯಾಗಿ ನೋಡು, ಸಣ್ಣ ಅಕ್ಷರ ಓದು. ಕಣ್ಣು ಮುಚ್ಚುತ್ತೇನೆ, ಕಾರ್ಕಳದ ಆ ಗೋಡೆ ಮತ್ತೆ ಹೋಗುತ್ತಿದೆ, ಗೋಡೆಯಾಚೆ ಕೆಂಪು ನೀರು ನಿಂತ ಮೈದಾನ, ಬಲೆ, ಬಲೆಯ ಮೇಲೆ ಎರಡು ನೀಲಿ ಅಂಗೈ, ಕೆಳಗೆ ಮೇಡಂ, ಅವರ ತಲೆಯ ಕೂದಲು ಒದ್ದೆಯಾಗಿ ಹಣೆಗೆ ಅಂಟಿದೆ, ಕೊಡೆ ಇದ್ದೂ ಒದ್ದೆ, ಯಾಕೆಂದರೆ ಆ ಸೊಟ್ಟ ಬೆರಳಿನ ಕೈ ಮೇಲಕ್ಕೆ ಚಾಚಿದೆ, ಕೊಡೆ ಅವರ ತಲೆಯ ಮೇಲೆ ಇಲ್ಲ, ಕೊಡೆ ಗ್ಲೌಸಿನ ಮೇಲಿದೆ, ಹತ್ತು ನೀಲಿ ಬೆರಳು, ಅದರ ಮೇಲೆ ಕಪ್ಪು ಕೊಡೆ, ಮಳೆ, ಕೊಡೆ ಗ್ಲೌಸಿನ ಮೇಲೆ —