ಕೆಂಪು ಬಳಿದ ಮರಳು

ನನ್ನ ಅಜ್ಜಿ ಮರುಳಸಿದ್ದಮ್ಮನ ಒಂದು ಕಥೆಯಲ್ಲಿ ರಕ್ಕಸಿಯೊಬ್ಬಳು ಮೈತುಂಬ ಅರಿಶಿನ ಬಳಿದುಕೊಂಡು ಸೊಸೆಯಾಗಿ ಮನೆ ಸೇರುತ್ತಾಳೆ. ಮನೆಯವರ ಉಸಿರನ್ನು ದಿನಕ್ಕಿಷ್ಟು ಕುಡಿಯುತ್ತಾಳೆ. ಅವರು ಅದನ್ನು ಕೆಮ್ಮು ಎಂದುಕೊಳ್ಳುತ್ತಾರೆ. ಕೊನೆಗೆ ಕಿರಿಯ ನಾದಿನಿ ಅವಳನ್ನು ಕೆರೆಗೆ ಕರೆದೊಯ್ದು ತಲೆಯ ಮೇಲೆ ನೀರು ಸುರಿಯುತ್ತಾಳೆ. ಅರಿಶಿನ ಇಳಿದು ರಕ್ಕಸಿ ಬಯಲಾಗುತ್ತಾಳೆ.

"ಆಮ್ಯಾಲ ಏನಾತಬೇ?" ಎಂದು ಕೇಳಿದರೆ ಅಜ್ಜಿ ಎಲೆಗೆ ಸುಣ್ಣ ಸವರುತ್ತ, "ಏನಾಕೈತಿ? ಮನಿ ಮಂದಿ ಎಲ್ಲಾ ಆ ಹುಡುಗೀನ್ನ ಬೈದ್ರು. ಅಂಥಾ ಚಂದದ ಸೊಸೀನ ಕಳದೀ ಅಂತ" ಎನ್ನುತ್ತಿದ್ದಳು.

ಕಥೆಯ ಆ ತುದಿ ನನಗೆ ಎಂದೂ ಇಷ್ಟವಾಗಲಿಲ್ಲ.

ತೋಟಪ್ಪನವರ ಯಾರ್ಡು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿದೆ. ಗಣಿಗೆ ಹೋಗುವ ಕಬ್ಬಿಣದ ಕಂಬಗಳ ತುಕ್ಕು ಬಿಡಿಸಿ ಬಣ್ಣ ಹೊಡೆಯುವ ಜಾಗ. ದಪ್ಪ ಪೈಪಿನಿಂದ ಗಾಳಿಯ ರಭಸಕ್ಕೆ ಹರಳಿನ ಪುಡಿ ಹೊಡೆದರೆ ತುಕ್ಕು ಹಾರಿಹೋಗುತ್ತದೆ. ಮೊದಲು ಹೊಳೆಯ ಮರಳನ್ನೇ ಹೊಡೆಯುತ್ತಿದ್ದರು. ಮರಳು ಸಿಡಿದು ಹಿಟ್ಟಾಗುತ್ತದೆ. ಆ ಹಿಟ್ಟು ಎದೆಯೊಳಗೆ ಕೂತರೆ ಮತ್ತೆ ಏಳುವುದಿಲ್ಲ. ಹಾಗಾಗಿ ಗಣಿಯವರ ಕರಾರಿನಲ್ಲಿ ಮರಳಿಗೆ ನಿಷೇಧ, ಗಾರ್ನೆಟ್ ಎಂಬ ಕೆಂಪು ಹರಳಿನ ಪುಡಿಯೇ ಆಗಬೇಕು. ಗಣಿಯವರ ಪರವಾಗಿ ಅದನ್ನು ನೋಡಿ ಸಹಿ ಹಾಕುವ ಇನ್‌ಸ್ಪೆಕ್ಟರ್ ನಾನು. ಸೇರಿ ಹತ್ತು ತಿಂಗಳಾಗಿತ್ತು.

ಅಲ್ಲಿ ಪೈಪು ಹಿಡಿಯುವವನು ತಿಪ್ಪೇಶಣ್ಣ. ಚಿತ್ತವಾಡ್ಗಿಯಲ್ಲಿ ನಮ್ಮ ಮನೆಯಿಂದ ಮೂರನೇ ಮನೆಯವನು. ಚಿಕ್ಕಂದಿನಲ್ಲಿ ಅಜ್ಜಿಯ ಕಥೆಗೆ ನಮ್ಮ ಜೊತೆಯೇ ಕೂರುತ್ತಿದ್ದ. ಈಗ ಬೆಳಿಗ್ಗೆ ಅವನ ಕೆಮ್ಮು ಕೇಳಿ ನಮ್ಮ ಓಣಿಗೆ ಎಚ್ಚರವಾಗುತ್ತದೆ.

ಆ ಸೋಮವಾರ ನಾನು ಹೋದಾಗ ಕಂಬಗಳು ದೂರದಿಂದ ಬೆಳ್ಳಗೆ ಹೊಳೆಯುತ್ತಿದ್ದವು.

"ಜಲ್ದಿ ಸಹಿ ಹಾಕ್ರಿ ಮೇಡಂ," ತೋಟಪ್ಪ ಕುರ್ಚಿಯಿಂದ ಏಳಲಿಲ್ಲ. "ಬಣ್ಣದ ಎರಡೂ ಡಬ್ಬಿ ಕೂಡ್ಸಿ ಕಲಸಿ ಆಗೈತಿ. ನಾಕು ತಾಸಿನಾಗ ಹೊಡೀಲಿಲ್ಲಂದ್ರ ಕಲ್ಲಾಗತೈತಿ."

"ನಾನು ನೋಡೋಕ ಮೊದಲ ಯಾಕ ಕಲಸಿದ್ರಿ?"

"ನೀವು ಹೂಂ ಅಂತೀರಿ ಅಂತ ನಂಬಿಕಿ ಇತ್ತಲ್ರಿ."

ಕಬ್ಬಿಣಕ್ಕೆ ಅಂಟು ಟೇಪು ಒತ್ತಿ ಕಿತ್ತರೆ ಅದರ ಮೇಲೆ ಎಷ್ಟು ಧೂಳಿದೆ ಎಂದು ಗೊತ್ತಾಗುತ್ತದೆ. ನನ್ನ ಟೇಪು ಕುಂಕುಮಕ್ಕೆ ಅದ್ದಿದ ಹಾಗೆ ಬಂತು.

"ಸಂಡೂರು ರೋಡ್ರಿ ಇದು. ಇಲ್ಲಿ ನಾಯಿನೂ ಕೆಂಪಗ ಇರತಾವ," ಎಂದರು ತೋಟಪ್ಪ. "ನಿಮ್ಮ ಸ್ಕೂಟಿಗೂ ಟೇಪ್ ಹಚ್ಚಿ ನೋಡ್ರಿ."

ಕೆಲಸದವರು ನಕ್ಕರು. ನಾನು ಚೀಲಗಳ ಹತ್ತಿರ ಹೋದೆ. ಚೀಲದ ಮೇಲೆ ಗಾರ್ನೆಟ್ ಎಂದೇ ಅಚ್ಚಾಗಿತ್ತು, ಒಳಗಿನ ಪುಡಿಯೂ ಕೆಂಪಗೇ ಇತ್ತು. ಆದರೆ ಅಂಗೈಯಲ್ಲಿ ತೂಗಿದರೆ ಹರಳಿನ ಭಾರವಿರಲಿಲ್ಲ. ಯಾಕೋ ಅಜ್ಜಿಯ ಕೆರೆ ನೆನಪಾಯಿತು. ಚಹದ ಸ್ಟೀಲ್ ಲೋಟದಲ್ಲಿ ಒಂದು ಹಿಡಿ ಪುಡಿ ಹಾಕಿ ನೀರು ಸುರಿದೆ, ಕಲಕಿದೆ, ಚೆಲ್ಲಿದೆ. ಮೊದಲ ನೀರು ಇಟ್ಟಿಗೆ ಬಣ್ಣ. ಎರಡನೆಯದು ತೆಳ್ಳಗಾಯಿತು. ಮೂರನೇ ಸಲಕ್ಕೆ ತಳದಲ್ಲಿ ಬೂದುಬಿಳಿ ಮರಳು ಉಳಿಯಿತು, ಅಭ್ರಕದ ಮಿಂಚು ಸಮೇತ. ಚಿಕ್ಕಂದಿನಲ್ಲಿ ನಾನು ಕಂಪ್ಲಿಯ ಹೊಳೆದಂಡೆಯಲ್ಲಿ ಕಾಲು ಹೂತು ಗುಬ್ಬಿಗೂಡು ಕಟ್ಟಿದ್ದು ಇದೇ ಮರಳಿನಲ್ಲಿ.

"ಇದು ಹೊಳಿ ಉಸುಗು. ಗಣಿ ಮಣ್ಣು ಕಲಸಿ ಕೆಂಪು ಮಾಡೀರಿ."

ತೋಟಪ್ಪ ಈಗ ಎದ್ದರು. "ತಂದು ಹಾಕಿದವ ಮೋಸ ಮಾಡ್ಯಾನ. ಮುಂದಿನ ಸಲ ಸರಿ ಮಾಡೋಣು. ಇವತ್ತಿಂದಕ್ಕ ಸಹಿ ಹಾಕ್ರಿ."

"ಆಗಂಗಿಲ್ಲ."

"ಏನಮ್ಮಾ, ಮೊನ್ನೆ ಬಂದಾಕಿ ನೀನು! ಲೋಟದಾಗ ಅಕ್ಕಿ ತೊಳದಂಗ ತೊಳದು ನನಗ ಪಾಠ ಹೇಳ್ತೀಯೇನು? ಮನ್ಯಾಗ ಅಕ್ಕೀನ ತೊಳಕೊಂತ ಕುಂದ್ರಬೇಕಿತ್ತು. ನಿಮ್ಮ ಆಫೀಸಿಗೆ ಫೋನ್ ಹಚ್ತೀನಿ ತಡಿ."

"ಹಚ್ರಿ. ಲೋಟದ ಫೋಟೋ ಆಗಲೇ ಕಳಿಸೀನಿ."

ಯಾರ್ಡಿನ ಆಚೆ ತುದಿಯಲ್ಲಿ ಓಡುತ್ತಿದ್ದ ಗಾಳಿಯಂತ್ರ ನಿಂತಿತು. ತಿಪ್ಪೇಶಣ್ಣ ಹೆಲ್ಮೆಟ್ ಕಿತ್ತು ಹತ್ತಿರ ಬಂದ. ಹೆಲ್ಮೆಟ್ಟಿಗೆ ಒಳ್ಳೆಯ ಗಾಳಿ ಕೊಡಬೇಕಾದ ಕೊಳವೆ ತುಂಡಾಗಿ ಹಗ್ಗದ ಹಾಗೆ ನೇತಾಡುತ್ತಿತ್ತು. ರೆಪ್ಪೆಯ ಮೇಲೂ ಕೆಂಪು ಹಿಟ್ಟು.

"ನೋಡಣ್ಣ," ಎಂದು ಲೋಟ ಚಾಚಿದೆ. ಅವನಾದರೂ ನನ್ನ ಕಡೆ ನಿಲ್ಲುತ್ತಾನೆ ಅಂದುಕೊಂಡಿದ್ದೆ. "ಇದನ್ನ ನೀ ಕುಡೀತಿರೋದು."

ಅವನು ಲೋಟದೊಳಗೆ ನೋಡಲೂ ಇಲ್ಲ. "ನನಗ ಗೊತ್ತಿಲ್ಲಂತ ತಿಳಕೊಂಡೀಯೇನು? ಮಣ್ಣು ಕಲಸಿದಾಂವ ನಾನ."

"ಯಾಕ?"

"ಉಸುಗು ಅಂತ ನೀ ಬರದ್ರ ಪೈಪ್ ಹಿಡದೋರಿಗೆ ಎದಿ ಎಕ್ಸ್‌ರೇ ತೆಗಸ್ತಾರ. ತೆಗಿಸಿದ್ರ ಪೈಪ್ ಕಸಗೊಂತಾರ. ನನ್ನ ಜೋಡಿ ಪೈಪ್ ಹಿಡೀತಿದ್ದ ಹನುಮಣ್ಣಂದು ಹಂಗ ಆತು. ಪೈಪ್ ಬಿಟ್ಟು ವರ್ಷ ಆಗಿಲ್ಲ, ಈಗ ತನ್ನೂರು ಎಮ್ಮಿಗನೂರಾಗ ಗ್ವಾಡಿಗೆ ಒರಗಿ ಕುಂತ ನಿದ್ದಿ ಮಾಡ್ತಾನ, ಮಲಗಿದ್ರ ಉಸುರು ಬರಂಗಿಲ್ಲ."

"ಪೈಪ್ ಕಸಗೊಂಡಿದ್ದಕ್ಕಲ್ಲಣ್ಣ, ತಡಾ ಮಾಡಿ ಕಸಗೊಂಡಿದ್ದಕ್ಕ."

"ಬಾಯಿ ಭಾಳ ಕಲತೀ." ಅವನು ನನ್ನ ಕಾಲ ಹತ್ತಿರ ಉಗಿದ. "ಹದಿನಾರು ವರ್ಷದಿಂದ ನಾ ಹೊಡದ ಕಂಬ ಒಂದೂ ತುಕ್ಕು ಹಿಡದಿಲ್ಲ. ಈ ಪೈಪ್ ಬಿಟ್ಟು ನಂಗ ಬ್ಯಾರೆ ಏನೂ ಬರಂಗಿಲ್ಲ. ಬರದ್ರ ಇನ್ಮ್ಯಾಲ ಅಣ್ಣ ಅನಬ್ಯಾಡ."

ನಾನು ಫಾರಮ್ಮಿನಲ್ಲಿ ತಿರಸ್ಕೃತ ಎಂದು ಬರೆದೆ. ಅದರ ಕೆಳಗೆ, ಧೂಳಿಗೆ ಸಿಕ್ಕ ಕೆಲಸಗಾರರ ಹೆಸರು ಎಂದಿತ್ತು. ಖಾಲಿ ಬಿಟ್ಟರೆ ಯಾರೂ ಕೇಳುತ್ತಿರಲಿಲ್ಲ. ತಿಪ್ಪೇಶಣ್ಣ ನನ್ನ ಪೆನ್ನನ್ನೇ ನೋಡುತ್ತಿದ್ದ. ಮನೆ ಮಂದಿಯ ಬೈಗುಳ ಕೇಳಿಕೊಂಡು ಆ ನಾದಿನಿ ಏನು ಮಾಡಿದಳು? ಅಜ್ಜಿ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅವನ ಹೆಸರು ಬರೆದೆ.

ಆಮೇಲೆ ಕಂಬಗಳಿಗೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಚೀಲಗಳಿಗೆ ಮೊಹರು ಒತ್ತಿ ಮುಗಿಸುವಷ್ಟರಲ್ಲಿ ಮೂರಾಯಿತು. ಬಣ್ಣದ ಡಬ್ಬಿಯಲ್ಲಿ ಕಲಸುವ ಕೋಲು ನೆಟ್ಟ ಹಾಗೇ ನಿಂತಿತ್ತು. ತೋಟಪ್ಪ ಅದನ್ನು ಅಲ್ಲಾಡಿಸಿ ನೋಡಿದರು. ಕೋಲು ಬರಲಿಲ್ಲ, ಇಡೀ ಡಬ್ಬಿಯೇ ಎದ್ದು ಬಂತು. ಅದನ್ನು ನನ್ನ ಮುಂದೆ ದಢಾರನೆ ಕುಕ್ಕಿದರು. "ತಗೊಂಡು ಹೋಗ್ರಿ. ನಿಮ್ಮ ಆಫೀಸಿನಾಗ ಇಟಗೊಂಡು ಪೂಜಿ ಮಾಡ್ರಿ."

ಹೊರಗೆ ನನ್ನ ಸ್ಕೂಟಿಯ ಎರಡೂ ಗಾಲಿಗೆ ಗಾಳಿಯಿರಲಿಲ್ಲ.

ಅದಿರಿನ ಲಾರಿಗಳು ಕೆಂಪು ಧೂಳು ಎರಚುತ್ತ ಹೋಗುವ ರಸ್ತೆಯಲ್ಲಿ ಸ್ಕೂಟಿ ತಳ್ಳುತ್ತ ಹೊರಟೆ. ಹಿಂದೆ ಕೆಮ್ಮು ಕೇಳಿತು. ತಿಪ್ಪೇಶಣ್ಣ ಹತ್ತು ಮಾರು ದೂರದಲ್ಲಿ ಬರುತ್ತಿದ್ದ. ಅವನು ಸ್ಕೂಟಿಗೆ ಕೈ ಹಾಕಲಿಲ್ಲ, ನಾನು ಕರೆಯಲೂ ಇಲ್ಲ. ಪಂಕ್ಚರ್ ಅಂಗಡಿ ಕಾಣಿಸುವಾಗ ಅವನೇ ಬಾಯಿಬಿಟ್ಟ.

"ಎಕ್ಸ್‌ರೇ ಯಾವತ್ತು?"

"ಗುರುವಾರ. ಹತ್ತಕ್ಕ."

"ನೀನೂ ಬಾ."

"ಬರ್ತೀನಣ್ಣ."

"ಅಣ್ಣ ಅನಬ್ಯಾಡ ಅಂದೀನಿಲ್ಲ? ಪ್ರೀತಿಗೆ ಕರ್ಯಾಕತ್ತಿಲ್ಲ. ಆ ಎದಿ ಫೋಟೋದಾಗ ಏನರ ಕಂಡ್ರ ಬೈಯಾಕ ಎದುರಿಗೆ ಯಾರರ ಬೇಕಲ್ಲ..."

ಮಾತು ಮುಗಿಯುವ ಮೊದಲೇ ಕೆಮ್ಮು ಅವನನ್ನು ಹಿಡಿದು ಬಗ್ಗಿಸಿತು. ನಾನು ಸ್ಕೂಟಿ ನಿಲ್ಲಿಸಿ ಕಾದೆ. ಎರಡು ಲಾರಿ ಹೋದವು. ಅವನು ಮೊಣಕಾಲ ಮೇಲೆ ಕೈಯೂರಿ, ತಲೆ ಎತ್ತಿ ಕೆಂಗಣ್ಣಿನಿಂದ ನೋಡಿದ.

"ಏನ್ ನೋಡ್ತೀ? ನಡಿ."